ಕೈಯಿಲ್ಲದ ತೋಳು

ಲಂಗ, ಜಂಪರು, ಸಾಲಿ ಮಕ್ಕಳ ಚಡ್ಡಿ,
ಇವುಗಳ ನಡುವೆ ವರ್ಷಕ್ಕೆರಡು ಸಲ
ಎರಡು ಉದ್ದನೆ ತೋಳು ಹೊಲಿಯುತ್ತೇನೆ.
ಕೈಯಿಲ್ಲ, ಹೆಗಲಿಲ್ಲ, ಅಂಗಿಯೂ ಇಲ್ಲ.
ಕಿತ್ತಳೆ ಒಂದು ಪಟ್ಟಿ, ಬಿಳಿ ಒಂದು ಪಟ್ಟಿ,
ಬಾಯಿ ಅಗಲ, ಬಾಲ ಕಿರಿದು.
ವಿಮಾನದವರು ಗಾಳಿಚೀಲ ಅನ್ನುತ್ತಾರೆ.
ಒಂದು ಇಲ್ಲೇ, ಗಿಣಿಗೇರಾ ಮೈದಾನದ ಕಂಬಕ್ಕೆ.
ಇನ್ನೊಂದು ತೋರಣಗಲ್ಲಿಗೆ.

ಅಳತೆ ಕೊಡಲು ಬಂದ ಸಾಹೇಬರನ್ನು ಕೇಳಿದ್ದೆ:
ಇಲ್ಲಿಂದ ಅಲ್ಲಿಗೆ ವಿಮಾನ ಎಷ್ಟು ಹೊತ್ತು?
ನಕ್ಕರು. ಹತ್ತು ನಿಮಿಷ, ಮಾಬುಬಿ.
ಏರಿ ಮುಗಿಯುವುದರೊಳಗೆ ಇಳಿಯಬೇಕು.
ಅದಕ್ಕೇ ಯಾರೂ ಹಾರುವುದಿಲ್ಲ.

ನಾನು ಪ್ಯಾಸೆಂಜರು ಗಾಡಿ ಹತ್ತುತ್ತೇನೆ,
ಮಡಚಿದ ತೋಳು ತೊಡೆಯ ಮೇಲೆ.
ಮುನಿರಾಬಾದಿನಲ್ಲಿ ಮೀನಿನ ಬುಟ್ಟಿ ಹತ್ತುತ್ತದೆ,
ಹೊಸಪೇಟೆಯಲ್ಲಿ ಮೀನು ಇಳಿದು ವಾಸನೆ ಉಳಿಯುತ್ತದೆ.
ಗಾದಿಗನೂರಲ್ಲಿ ನಿಂತೇ ಬಿಡುತ್ತದೆ ಗಾಡಿ,
ಅದಿರಿನ ಗೂಡ್ಸಿಗೆ ದಾರಿ ಬಿಟ್ಟು.
ಐವತ್ತೆಂಟು ಡಬ್ಬಿ. ಎಣಿಸಿದ್ದೇನೆ.
ಒಮ್ಮೆ ಐವತ್ತೊಂಬತ್ತು ಬಂದವು,
ನಾನೇ ತಪ್ಪಿರಬೇಕು.
ಬೆಳಿಗ್ಗೆ ಹೊರಟವಳು ಊಟದ ಹೊತ್ತಿಗೆ ಮುಟ್ಟಿದರೆ ದೊಡ್ಡದು.

ಈ ಆಷಾಢದಲ್ಲಿ ಒಂದು ಹುಚ್ಚು ಹತ್ತಿತು.
ಬೆಳಗಿನಿಂದ ಉಸಿರೇ ಇಲ್ಲದ ಗಾಳಿ
ಹತ್ತು ಇಪ್ಪತ್ತಕ್ಕೆ ಪಡುವಣದಿಂದ ಎದ್ದು
ಒಣಹಾಕಿದ ಲಂಗಕ್ಕೆಲ್ಲ ಹೊಟ್ಟೆ ಬರಿಸಿತು.
ಮೈದಾನದ ಚೀಲ ಸೆಟೆದು ನಿಂತಿತು.
ತೋರಣಗಲ್ಲಿನ ಕಾವಲುಗಾರನಿಗೆ ಫೋನು ಹಚ್ಚಿದೆ.
"ಯಂಕೋಬಣ್ಣ, ನಿನ್ನ ಚೀಲ ಹೆಂಗೈತಿ?"
"ಜೋತು ಬಿದ್ದೈತಿ, ಹಾಲು ಹಿಂಡಿದ ಕೆಚ್ಚಲಿನಂಗ. ಯಾಕ?"
"ಗಾಳಿ ಕಳಿಸೀನಿ. ಮುಟ್ಟಿದ ಕೂಡ್ಲೆ ಹೇಳು."

ಹುಚ್ಚಿ ಅನ್ನಲಿಲ್ಲ ಅವನು.
ಹೂಂ ಅಂದ.

ಕಾಜಾ ಹಾಕುತ್ತ ಕೂತೆ.
ಈಗ ಡ್ಯಾಮಿನ ನೀರ ಮೇಲಿರಬೇಕು,
ಈಗ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ
ಯಾರದೋ ಟಿಕೀಟು ಹಾರಿಸಿ ಬೈಸಿಕೊಂಡು,
ಈಗ ಸಂಡೂರಿನ ಗುಡ್ಡ ಅಡ್ಡ ಬಂದು
ಎಡಕ್ಕೋ ಬಲಕ್ಕೋ ಅಂತ ನಿಂತು.
ಗಾಳಿಗೂ ಗಾದಿಗನೂರಲ್ಲಿ ಕ್ರಾಸಿಂಗ್ ಇದೆಯೋ ಏನೋ.
ಎಂಟು ಕಾಜಾ ಮುಗಿದವು.
ಒಂಬತ್ತನೆಯದು ಸೊಟ್ಟಗಾಯಿತು, ಬಿಚ್ಚಿದೆ.

ಹನ್ನೆರಡು ಹತ್ತಕ್ಕೆ ಫೋನು.
"ಬಂತು ನೋಡಕ್ಕ. ಚೀಲ ತುಂಬೇತಿ."
"ನಂದೇ ಅಂತ ಹೆಂಗ ಗೊತ್ತು?"
ಸ್ವಲ್ಪ ಹೊತ್ತು ಬರೀ ಸುಯ್ಯೆನ್ನುವ ಸದ್ದು.
ಫೋನನ್ನು ಕಂಬದತ್ತ ಎತ್ತಿ ಹಿಡಿದಿದ್ದನಂತೆ.
"ಮೀನಿನ ವಾಸನಿ ಐತಿ," ಅಂದ.

ಒಂದು ತಾಸು, ಐವತ್ತು ನಿಮಿಷ.
ಅಳತೆ ಪುಸ್ತಕದಲ್ಲಿ ಬರೆದಿಟ್ಟೆ,
ಎದೆ, ಸೊಂಟ, ತೋಳಿನುದ್ದದ ಕೆಳಗೆ,
ಯಾರದೋ ಮಗಳ ಮದುವೆ ಜಂಪರಿನ ಪಕ್ಕ.

ಹಳೆಯ ತೋಳುಗಳು ಹರಿದು ನನ್ನಲ್ಲಿಗೇ ಬರುತ್ತವೆ.
ಇಲ್ಲಿಯದು ಮಸಿ ಹಿಡಿದು,
ಅಲ್ಲಿಯದು ಕೆಮ್ಮಣ್ಣು ಉಂಡು.
ತೊಳೆದು ದಿಂಬಿನ ಗಲೀಫು ಮಾಡಿದ್ದೇನೆ,
ತಲೆಯಿಟ್ಟರೆ ಸ್ವಲ್ಪ ಚುಚ್ಚುತ್ತವೆ.

ಮೂಡಣ ಗಾಳಿ ಕಾರ್ತೀಕಕ್ಕೆ ಬೀಸಬೇಕು.
ಆಗ ತಾನು ಕಳಿಸುತ್ತಾನಂತೆ ಯಂಕೋಬ,
ನಾನು ಕಾಯಬೇಕಂತೆ.
ಕಾಯುತ್ತೇನೆ, ಅದರಲ್ಲೇನು.
ಅಷ್ಟರೊಳಗೆ ನಮ್ಮ ಕಂಬದ ಚೀಲಕ್ಕೊಂದು ಹೊಲಿಗೆ ಬಿಟ್ಟಿದೆ,
ಹಾಕಬೇಕು.
ಯಾವ ವಾಸನೆಯಿಂದ ಗುರುತು ಹಿಡಿಯಲಿ
ಅಂತ ಕೇಳುವುದನ್ನೇ ಮರೆತೆ.