ಖಾಲಿ ಟ್ಯಾಂಕು

ಕಾಜುಬಾಗದ ಪಾಸ್ಕೋಲ ಅಂಗಡಿ ಮುಚ್ಚುವ ದಿನ
ಗೋಲ್ಡ್‌ಫಿಶ್, ಗಪ್ಪಿ ಎಲ್ಲ ಕಾಲು ಬೆಲೆಗೆ ಹೋದವು.
ಇದೊಂದು ಉಳಿಯಿತು.
"ಎರಡು ವರ್ಷ, ಮಾರಾಯ, ಯಾರೂ ಕೇಳಲಿಲ್ಲ.
ಟ್ಯಾಂಕು ಖಾಲಿ ಅಂದುಕೊಂಡರು."
ಪ್ಲಾಸ್ಟಿಕ್ ಚೀಲದ ತಳದಲ್ಲಿ
ಒಂದು ತರಗೆಲೆ, ತೊಟ್ಟಿನ ಸಮೇತ.
ತೊಟ್ಟೇ ಬಾಲವಂತೆ.
ಹೆಸರು ಬ್ಯಾಂಜೊ. ಊರು ಅಮೆಜಾನಿನ ಯಾವುದೋ ಕವಲು.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನಗೆ ರಾತ್ರಿ ಪಾಳಿ.
ರಜೆಯ ರಾತ್ರಿಯೂ ನಿದ್ದೆ ಬಾರದು.
ಅದಕ್ಕೂ ಹಗಲೆಂದರೆ ಆಗದು.

ಐವತ್ತು ಹೆಜ್ಜೆಗೆ ಸಮುದ್ರ. ಆದರೂ
ಆ ಮರಳು ಬೇಡ: ಚಿಪ್ಪಿನ ಸುಣ್ಣಕ್ಕೆ ನೀರು ಗಡುಸಾಗುತ್ತದೆ.
ನಮ್ಮ ಬಾವಿ ಬೇಡ: ಶಿವರಾತ್ರಿ ಕಳೆದರೆ ಉಪ್ಪು.
ನಳದ ನೀರು ಅಡ್ಡಿಯಿಲ್ಲ, ಇಡೀ ಒಂದು ದಿನ
ಬಕೆಟ್ಟಿನಲ್ಲಿ ಬಾಯ್ತೆರೆದು ಕೂತು
ಔಷಧಿಯ ವಾಸನೆ ಬಿಡಬೇಕು.
ಕದ್ರಾ ಬಸ್ಸಿನ ಕಂಡಕ್ಟರ್ ಬೀರಾ
ನುಣ್ಣನೆಯ ಹೊಳೆಮರಳು ತಂದುಕೊಟ್ಟ, ಎರಡು ಕಿಲೋ;
ಹದಿನಾಲ್ಕು ಸಲ ತೊಳೆದೆ.
ಬಸ್‌ಸ್ಟಾಪಿನ ಬಾದಾಮಿ ಮರ ಉದುರಿಸಿದ ಕೆಂಪೆಲೆ,
ಕುದಿಸಿ, ಆರಿಸಿ, ನಾಲ್ಕು ಹಾಕಿದೆ.
ನೀರು ಚಹಾದ ಬಣ್ಣಕ್ಕೆ ತಿರುಗಿತು.
ಈಗ ಟ್ಯಾಂಕಿನಲ್ಲಿ ಐದು ಎಲೆ.

"ಯಾವುದು?" ಅತ್ತೆ ಕನ್ನಡಕ ಏರಿಸಿದಳು.
ತುಳಸಿಬಾಯಿ, ಮೂವತ್ತು ವರ್ಷ ಮೀನು ಮಾರ್ಕೆಟ್ಟಿನಲ್ಲಿ ಕೂತವಳು,
ಕಿವಿರು ಎತ್ತದೆಯೇ ಬಂಗಡೆ
ನಿನ್ನೆಯದೋ ಮೊನ್ನೆಯದೋ ಹೇಳುವವಳು,
ಎಲೆ ಎಣಿಸಿದಳು. ಮತ್ತೆ ಎಣಿಸಿದಳು.
"ಸಾಂಗಟದ ಜಾತಿ ಅನ್ನುತ್ತಿ, ಮುಳ್ಳೆಲ್ಲಿ? ಮೀಸೆಯೆಲ್ಲಿ?
ಒಂದು ಹೊತ್ತಿನ ಸಾರಿಗೂ ಆಗದ್ದಕ್ಕೆ
ಸಿಗಡಿ ಹೆಚ್ಚಿ ಹಾಕುತ್ತಾನಂತೆ ನನ್ನ ಅಳಿಯ!"

ರಾತ್ರಿ ಎರಡಕ್ಕೆ, ದೀಪ ಹಚ್ಚದೆ ನೋಡಬೇಕು.
ಒಂದು ಎಲೆ ಏಳುತ್ತದೆ.
ಕಿವಿರಿನಿಂದ ನೀರು ಚಿಮ್ಮಿಸಿ
ಗೇಣು ದೂರ ನೆಗೆದು
ಅಷ್ಟಕ್ಕೇ ಸುಸ್ತಾಗಿ ಬೀಳುತ್ತದೆ.
ನನಗೆ ಇದು ಸಾಕು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

ಒಂದು ಬೆಳಗಿನ ಜಾವ ಹರಾಜಿಗೆ ಹೊರಟ ಅತ್ತೆ
ಬುಟ್ಟಿ ಸಮೇತ ಫ್ಯಾಕ್ಟರಿಯ ಬಾಗಿಲಿಗೆ ಬಂದಳು.
ಪೇಪರಿನ ಪೊಟ್ಟಣ ಬಿಚ್ಚಿದಳು:
ಈರುಳ್ಳಿ ಸಿಪ್ಪೆಯಂಥ ತೆಳು ಏನೋ, ಒದ್ದೆ.
"ಹೋಯಿತು ನಿನ್ನದು," ಅಂದಳು,
ದನಿ ಸ್ವಲ್ಪ ತಗ್ಗಿಸಿ.

"ಪೊರೆ, ಅತ್ತೆ. ಕಳಚಿದ್ದು ಅಷ್ಟೇ.
ಎಲೆ ಎಷ್ಟಿದ್ದವು?"
"ಐದು." ಯೋಚಿಸದೇ ಹೇಳಿದಳು.

ಆಮೇಲೆ ಸಂಜೆಗೊಮ್ಮೆ
ಸುಲಿದ ಸಿಗಡಿ ಎರಡು, ತಟ್ಟೆಯಲ್ಲಿ ಮುಚ್ಚಿಟ್ಟಿರುತ್ತಾಳೆ.
ದುಡ್ಡನ್ನೂ ಹಿಡಿಯುತ್ತಾಳೆ,
ನನ್ನ ಲೆಕ್ಕದಲ್ಲಿ, ಮಾರ್ಕೆಟ್ ದರಕ್ಕೆ.