ಎಷ್ಟೇ ಚಿಕ್ಕದಾದರೂ

ಕೌಂಟರಿನ ಗುಮಾಸ್ತರು ಎರಡು ಸಲ ಕೇಳಿದ್ದರು:
"ಅಡ್ವಾನ್ಸ್ಡ್ ಮ್ಯಾತ್ಸಾ? ಓದಿಯೇ ಟಿಕ್ ಹಾಕಿದ್ದಾ?
ಕಳೆದ ಸಲ ಹನ್ನೊಂದರಲ್ಲಿ ನಾಲ್ಕೇ ಪಾಸು, ಮಾರಾಯ್ತಿ."
ನಾನು ಟಿಕ್ಕಿನ ಬಾಲವನ್ನು ಇನ್ನಷ್ಟು ಉದ್ದ ಎಳೆದೆ.
ಧೈರ್ಯವಲ್ಲ ಅದು.
ಬೆನ್ನ ಹಿಂದೆ ಸಾಲಿನಲ್ಲಿ ಮಿಸ್ರಿಯಾ ನೋಡುತ್ತಿದ್ದಳು, ಅಷ್ಟೆ.

ಇಲ್ಲ, ಅಷ್ಟೇ ಅಲ್ಲ.
ಒಂದು ಮಧ್ಯಾಹ್ನ ಲವೀನಾ ಟೀಚರು
ಅರ್ಧ, ಅರ್ಧದ ಅರ್ಧ, ಅದರರ್ಧ ಎಂದು
ಹಲಗೆಯುದ್ದಕ್ಕೂ ಕೂಡಿಸುತ್ತ ಹೋಗಿ
ಚಾಕು ಮುಗಿದಲ್ಲಿ ನಿಂತು
"ಇದು ಮುಗಿಯುವುದಿಲ್ಲ, ಒಂದನ್ನು ದಾಟುವುದೂ ಇಲ್ಲ" ಎಂದಾಗ
ಲೈಟ್‌ಹೌಸ್ ಹಿಲ್ಲಿನ ಕಾಗೆಗಳೂ
ಒಂದು ಗಳಿಗೆ ಬಾಯಿ ಮುಚ್ಚಿದ್ದವು.
ಆ ಗಳಿಗೆಗೆ ಹಾಕಿದ ಟಿಕ್ಕು ಅದು.

ಈಗ ಮೇ ತಿಂಗಳು. ತೊಕ್ಕೊಟ್ಟಿನ ಸೆಕೆ.
ನಾಳೆ ಬೆಳಿಗ್ಗೆ ಹತ್ತಕ್ಕೆ ಅನಾಲಿಸಿಸ್.
ಹೊಟ್ಟೆಯೊಳಗೆ ಬೂತಾಯಿಯ ಹಿಂಡು
ಹೇಳದೆ ಕೇಳದೆ ಒಟ್ಟಿಗೇ ತಿರುಗುತ್ತದೆ,
ಇತ್ತ ಒಮ್ಮೆ, ಅತ್ತ ಒಮ್ಮೆ.
ಇಂಟರ್ನಲ್ಸಿನ ದಿನವೂ ಹೀಗೇ ತಿರುಗಿತ್ತು.
ಮೂರನೆಯ ಪ್ರಶ್ನೆಯ ಕೆಳಗೆ
ನನ್ನ ಹೆಸರನ್ನೇ ಇನ್ನೊಮ್ಮೆ ಬರೆದು
ಎದ್ದು ಬಂದಿದ್ದೆ.

ಬಾದಾಮಿ ನೆನೆಹಾಕಿ ತಿನ್ನು ಎಂದರು ಪಕ್ಕದ ಸಂಕಪ್ಪಣ್ಣ.
ನಾಲ್ಕೆಣಿಸಿ ಉಸಿರೊಳಗೆ, ಎಂಟೆಣಿಸಿ ಹೊರಗೆ ಎಂದ ಭಾವ.
ಎಣಿಸಿದೆ. ಎಂಟಕ್ಕೆ ತಲುಪುವಾಗ
ಎಂಟರ ಗ್ರೂಪುಗಳೆಷ್ಟು ಎಂಬುದು ನೆನಪಾಗದೆ
ಉಸಿರು ಅಲ್ಲೇ ಸಿಕ್ಕಿಕೊಂಡಿತು.

ಅಮ್ಮ ಟ್ಯೂಬ್‌ಲೈಟಿನಡಿ ಗೆರಸೆಯಿಟ್ಟು ಬೀಡಿ ಕಟ್ಟುತ್ತಿದ್ದಳು.
ನನ್ನ ನೋಟ್ಸಿನ ಪ್ರತಿ ಮಡಿಕೆಯಲ್ಲೂ ಹೊಗೆಸೊಪ್ಪಿನ ಪುಡಿ.
ಹೆದರಬೇಡ ಎನ್ನಲಿಲ್ಲ ಅವಳು;
ಪೋಡಿಯೊಡ್ಚಿ ಎಂದು ತುಳುವಿನಲ್ಲೂ ಎನ್ನಲಿಲ್ಲ.
"ಆ ಎಪ್ಸಿಲಾನ್ ಅಂದ್ರೆ ಎಂತ?" ಎಂದಳು.

"ಯಾರೋ ಒಂದು ಸಣ್ಣ ಅಂತರ ಕೊಡ್ತಾರೆ. ಅವರಿಷ್ಟ.
ಎಷ್ಟೇ ಸಣ್ಣದು ಕೊಟ್ಟರೂ
ಅದರೊಳಗೆ ನಿಲ್ಲುವ ಹಾಗೆ
ನಾನೊಂದು ಅಂತರ ಹುಡುಕಬೇಕು. ಅದು ಡೆಲ್ಟಾ."

ಅವಳು ನೂಲು ಸುತ್ತಿ, ಬಾಯಿ ಮಡಚಿ, ಒಂದು ಬೀಡಿ ಮುಗಿಸಿದಳು.
"ನಮ್ಮ ಚೆಕರಿನ ಹಾಗೆ.
ಒಂದು ವಾರ ಇಷ್ಟುದ್ದ ಅಂತಾನೆ, ಇನ್ನೊಂದು ವಾರ ಅಷ್ಟು.
ಎಷ್ಟು ಬೇಕಾದರೂ ಹೇಳಲಿ,
ಕತ್ತರಿ ನನ್ನ ಕೈಯಲ್ಲುಂಟು."
ಮತ್ತೆ ಎಲೆಗೆ ಬಗ್ಗಿದಳು. ಇಪ್ಪತ್ತೈದರ ಕಟ್ಟಿಗೆ
ಇನ್ನೂ ಆರು ಬಾಕಿಯಿತ್ತು.

ಬೆಳಿಗ್ಗೆ ಬಸ್ಸು ನೇತ್ರಾವತಿ ದಾಟುವಾಗ
ಸೇತುವೆಯ ಕಂಬ ಎಣಿಸಬಾರದೆಂದುಕೊಂಡು
ಎಣಿಸಿದೆ.
ಹಾಲಿನಲ್ಲಿ ಫ್ಯಾನು ತಿರುಗಿತು, ಬೂತಾಯಿ ತಿರುಗಿತು,
ಮೂರನೆಯ ಪ್ರಶ್ನೆ ಬೆಳ್ಳಗಾಯಿತು.
ಅಂಗೈ ಬೆವರಿಗೆ ಪೆನ್ನು ಜಾರಿ
ಲಂಗಕ್ಕೆ ಒರೆಸಿಕೊಂಡೆ.

ಬರೆದೆ: ಎಪ್ಸಿಲಾನ್ ಕೊಟ್ಟಿದೆ, ಸೊನ್ನೆಗಿಂತ ದೊಡ್ಡದು.
ಭಯವೂ ಕೊಟ್ಟಿದೆ, ಸೊನ್ನೆಗಿಂತ ದೊಡ್ಡದು.
ಅದು ಸೊನ್ನೆಯಾಗಲೇಬೇಕೆಂದು
ಪ್ರಶ್ನೆಪತ್ರಿಕೆಯಲ್ಲೆಲ್ಲೂ ಕೇಳಿರಲಿಲ್ಲ.
ನನ್ನ ಪಾಲಿಗೆ ಎರಡನೆಯ ಸಾಲು.
ಕತ್ತರಿಸಿದೆ. ಮೂರನೆಯದು.
ವ್ಯಾಖ್ಯೆ ಬಂತು, ತಡವಾಗಿ ಬಂದ ನೆಂಟನ ಹಾಗೆ
ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು.

ಎಂಟನೆಯದನ್ನು ಮುಟ್ಟಲಿಲ್ಲ. ಆರರ ಕೊನೆ ನನಗೇ ನಂಬಿಕೆಯಿಲ್ಲ.

ಗೇಟಿನಾಚೆ ಮಿಸ್ರಿಯಾ ಚುರುಮುರಿಯ ಪೊಟ್ಟಣ ನೀಡುತ್ತ,
"ಮೂರಕ್ಕೆ ಡೆಲ್ಟಾ ಎಷ್ಟು ತಕೊಂಡೆ?"
"ಎಪ್ಸಿಲಾನ್ ಬೈ ಎರಡು."
"ಅಲ್ಲಾ! ನಾನು ಬೈ ಮೂರು."
ಇಬ್ಬರೂ ಅಲ್ಲೇ ಬಿಸಿಲಲ್ಲಿ ನಿಂತು,
ಪೊಟ್ಟಣದ ಕಾಗದದ ಮೇಲೆ ಬೆರಳಲ್ಲಿ ಬರೆದು ಬರೆದು ನೋಡಿದೆವು.

ಎರಡೂ ಸರಿ.
ಖಾರ ಸ್ವಲ್ಪ ಹೆಚ್ಚಾಗಿತ್ತು.