ಒತ್ತು

ಬಸ್ಸಿಳಿದು ಬಂದಿದ್ದಾಳೆ ಕಿನು ಅಜ್ಜಿ,
ಬೂಟಿನ ಹಿಮ ಇನ್ನೂ ಕರಗಿಲ್ಲ.
ಹಳೇ ಪೇಪರಿನಲ್ಲಿ ಸುತ್ತಿದ ಮೂರು ಮೂಲಂಗಿ,
ಚೆರ್ರಿ ಕಟ್ಟಿಗೆಯ ಹೊಗೆಯಲ್ಲಿ ನಾಲ್ಕು ದಿನ ತೂಗಿ
ಉಪ್ಪು ತೌಡಿನಲ್ಲಿ ನಲವತ್ತು ದಿನ ಮಲಗಿ ಎದ್ದವು.
ಮೇಜಿನ ಮೇಲಿಟ್ಟು ಕೇಳುತ್ತಾಳೆ:
"ಇದಾ? ಇದೇನಾ ನಮ್ಮ ಯಜಮಾನರನ್ನು ತಿಂದದ್ದು?"

ಅಕಿತದ ಚಳಿಗಾಲ. ಕಿಟಕಿಯ ತುಂಬ ಬೂದಿ ಬಣ್ಣದ ಸಮುದ್ರ.
ಮಿನೆಕೊ ಕೈಗವಸು ಕಳಚುತ್ತಾಳೆ, ನಿಧಾನವಾಗಿ,
ಬೆರಳು ಬೆರಳಾಗಿ.

ಹನ್ನೊಂದು ವರ್ಷದ ಕೆಳಗೆ, ಊರಿನ ತಪಾಸಣೆಯ ದಿನ,
ತೋಳು ಚಾಚಿ ನಕ್ಕಿದ್ದನಂತೆ ಗೆಂಜಿರೊ:
"ತಗೊಳ್ಳಿ, ಅರ್ಧ ಹೆಂಡ, ಅರ್ಧ ಸಮುದ್ರ."
ಆಮೇಲೆ ಒಂದು ಫೆಬ್ರವರಿ, ಮಾಡಿನ ಹಿಮ ತಳ್ಳುತ್ತಿದ್ದವನು
ಸಲಿಕೆ ಸಮೇತ ಕೂತ. ಹಾಗೇ ಕೂತ.
ಸೀಸೆ ಮಾತ್ರ ಇಲ್ಲಿದೆ, ಸೊನ್ನೆಗಿಂತ ಎಂಬತ್ತು ಮೆಟ್ಟಿಲು ಕೆಳಗೆ,
ಹೆಸರಿನ ಬದಲು ನಲವತ್ತೊಂದು ಹೊತ್ತು.

ಉಪ್ಪು ತಿಂದವ ನೀರು ಕುಡಿಯಲೇಬೇಕು, ನಿಜ.
ನೀರು ಕುಡಿದ ರಕ್ತ ಉಬ್ಬಿ ನಾಳದ ಗೋಡೆ ನೂಕುತ್ತದೆ.
ಊರಿಗೆ ಇಷ್ಟು ಗೊತ್ತು. ಸೊಸೆಗೂ ಗೊತ್ತು.
ನಲವತ್ತೊಂಬತ್ತನೆಯ ದಿನದ ಊಟದಲ್ಲಿ
ಮೂಲಂಗಿಯ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ.
ಅದು ಕಿನುವಿಗೆ ಗೊತ್ತು.

ಮಿನೆಕೊ ಹೇಳಲು ನೋಡುತ್ತಾಳೆ:
ಒಳಗೆ ಬಹಳ ಸಣ್ಣವರಿದ್ದಾರೆ, ಅಜ್ಜಿ.
ಇಪ್ಪತ್ತೆರಡೇ ಅಕ್ಷರದ ತುಣುಕುಗಳು, ಆರ್‌ಎನ್‌ಎ ಮನೆತನದವರು.
ಏನನ್ನೂ ಕಟ್ಟುವವರಲ್ಲ.
ಅಪ್ಪಣೆ ಹೊತ್ತ ಉದ್ದನೆಯ ಓಲೆಗಳ ಬಾಲ ಹಿಡಿದು ಓದಿ
ತಮ್ಮ ಅಕ್ಷರಕ್ಕೆ ಕೂಡಿಬಂದರೆ
ತುಟಿಗೆ ಬೆರಳಿಡುತ್ತಾರೆ: ಸಾಕು, ಸುಮ್ಮನಿರು.
'ನಾಳ ಬಿಗಿ' ಎಂಬ ಕೂಗಿಗೆ ಕಿವಿ ಮೂಡಿಸುವ ಓಲೆಯೊಂದಿದೆ.
ನೂರೈವತ್ತೈದನೆಯವನು ಅದರ ಬಳಿ ಬಂದು
ದಿನಾ ಒಂದಿಷ್ಟು ಕಿವಿ ಕಮ್ಮಿ ಮಾಡುತ್ತಾನೆ.
ಕೆಲವರ ಓಲೆಯಲ್ಲಿ
ಸಾವಿರದ ನೂರ ಅರವತ್ತಾರನೆಯ ಮನೆಯಲ್ಲಿ
ಎ ಇರಬೇಕಾದ ಕಡೆ ಸಿ.
ಅಷ್ಟೆ. ಒಂದು ಒತ್ತು ಬಿದ್ದುಹೋದರೆ
ಕತ್ತೆ ಕತೆಯಾಗುವ ಹಾಗೆ.
ಸಣ್ಣವನು ಬರುತ್ತಾನೆ, ಓದುತ್ತಾನೆ, ತಡವರಿಸಿ
ಇದು ನಾನು ಹುಡುಕಿದ ಮನೆಯಲ್ಲವೇನೋ ಎಂದು
ಮುಂದೆ ಹೋಗುತ್ತಾನೆ.
ಕಿವಿಗಳು ಮೂಡುತ್ತವೆ, ಮೂಡುತ್ತಲೇ ಇರುತ್ತವೆ.

"ಅವರದ್ದರಲ್ಲಿ?"

ಅಂಕೆಗೆ ಹೆಸರು ಕೂಡಿಸಿ ಹೇಳುವಂತಿಲ್ಲ, ನಿಯಮ.
ಹೇಳಿದರೂ, ಎಷ್ಟು ಪಾಲು ಅಕ್ಷರ, ಎಷ್ಟು ಮೂಲಂಗಿ,
ಎಷ್ಟು ಸಿಗರೇಟು, ಎಷ್ಟು ಆ ಬೆಳಗಿನ ಹಿಮ,
ಯಾವ ಯಂತ್ರವೂ ಒಬ್ಬನ ಬಗ್ಗೆ ಹೇಳಲಾರದು.
ಐನೂರು ಜನರ ಬಗ್ಗೆ ಹೇಳೀತು,
ಅದೂ ಮೆಲ್ಲಗೆ, ಅನುಮಾನಿಸುತ್ತ.

ಕಿನು ಇದಕ್ಕೆ ಕಿವಿಗೊಡಲಿಲ್ಲ. "ಒಮ್ಮೆ ನೋಡಲಾ?"

ಬಾಗಿಲು ತೆರೆದರೆ ಬಿಳಿ ಆವಿ.
ಕಿರುಬೆರಳುದ್ದದ ಸೀಸೆ, ತಳದಲ್ಲಿ ಕೆಂಪಲ್ಲ, ಕಂದು.
"ಚಳಿ ತಡೀತಿರಲಿಲ್ಲ ಅವರಿಗೆ," ಎಂದಳು.

ಹೊರಡುವ ಮುನ್ನ ಅವಳ ತೋಳಿಗೂ ಪಟ್ಟಿ ಸುತ್ತಿದ್ದಾಯಿತು.
ನೂರ ಅರವತ್ತೆಂಟು.
"ಬಸ್ಸಿನಲ್ಲಿ ನಿಂತೇ ಬಂದೆನಲ್ಲ!"

ಪ್ರಯೋಗಾಲಯದಲ್ಲಿ ತಿನಿಸು ಇಡುವಂತಿಲ್ಲ, ಅದೂ ನಿಯಮ.
ಸಂಜೆ ಮೆಟ್ಟಿಲ ಕೆಳಗೆ ನಿಂತು ಮಿನೆಕೊ
ಒಂದು ಬಿಲ್ಲೆ ಕೊಯ್ದಳು, ಬೆಳಕು ಕಾಣುವಷ್ಟು ತೆಳ್ಳಗೆ.
ಉಪ್ಪು. ಹೊಗೆ. ಆಮೇಲೆ, ತುಸು ತಡವಾಗಿ, ಸಿಹಿ.
ನಲ್ಲಿ ತಿರುಗಿಸಿ ನೀರು ಕುಡಿದಳು.
ಇನ್ನೊಂದು ಕೊಯ್ದಳು.